ಕೊನೆಯ ವಿಮಾನದ ಬೆಂಗಾವಲು

ರಾಜ್ಯೋತ್ಸವಕ್ಕೆಂದು ಡೆಟ್ರಾಯ್ಟಿಗೆ ಹೋಗುವಾಗ ನಾವು ಚಿಕಾಗೋ ಕನ್ನಡದವರು ಒಂಟಿಯಾಗಿ ಹೋದದ್ದೇ ಇಲ್ಲ. ಹಾಫ್‌ಮನ್ ಎಸ್ಟೇಟ್ಸ್‌ನ ನಮ್ಮ ಮನೆ ಮುಂದೆ ಐದಾರು ಕಾರು ಸೇರಬೇಕು, ನಡುವೆ ಒಂದು ವ್ಯಾನು. ವ್ಯಾನಿನಲ್ಲಿ ಊರಿಂದ ಬಂದ ಅಮ್ಮಂದಿರು, ನಾಟಕದ ಕಿರೀಟಗಳು, ಪುಳಿಯೋಗರೆ. ಅದನ್ನು ಓಡಿಸುವ ಅಂಕಲ್ ಸ್ಪೀಡಿನ ಮುಳ್ಳನ್ನು ಐವತ್ತೈದು ಮೈಲಿ ದಾಟಲು ಬಿಟ್ಟವರಲ್ಲ. ಪ್ರತಿ ಕಾರಿನಲ್ಲೂ ಒಂದೊಂದು ವಾಕಿಟಾಕಿ ಬೇರೆ. ಆಮೆಯ ಮದುವೆಗೆ ಮೊಲಗಳ ದಿಬ್ಬಣ ಎಂದು ನಾನು ಗೊಣಗುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಆ ಸಲ ನಮ್ಮ ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಅಮೆರಿಕನ್ ಅಜ್ಜ ಕೂತಿದ್ದರು. ಕಣ್ಣು ಮಂಜಾಗಿ ಡ್ರೈವ್ ಮಾಡುವುದನ್ನು ಬಿಟ್ಟಿದ್ದರು. ಡೆಟ್ರಾಯ್ಟ್ ಹತ್ತಿರ ಡಿಯರ್‌ಬಾರ್ನ್‌ನಲ್ಲಿ ಒಬ್ಬರನ್ನು ನೋಡಬೇಕು, ಕರೆದೊಯ್ಯುತ್ತೀರಾ ಎಂದು ಕೇಳಿದ್ದರು.

ಮಿಶಿಗನ್ನಿನ ಬಯಲಿನಲ್ಲಿ ತೆಳ್ಳಗೆ ಬಿಸಿಲಿತ್ತು. ನಮ್ಮ ಯಜಮಾನರು ವ್ಯಾನಿನ ಎಡಕ್ಕೆ ಬರುವರು, ಹಿಂದೆ ಸರಿಯುವರು, ಮತ್ತೆ ಬಲಕ್ಕೆ. ಅಜ್ಜ ನಕ್ಕರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ: "ಎರಡನೇ ಮಹಾಯುದ್ಧದಲ್ಲಿ ನಾವೂ ಹೀಗೇ ಹಾರುತ್ತಿದ್ದೆವು. ಬಾಂಬರ್‌ಗಳು ನಿಧಾನ, ಅವುಗಳ ಕಾವಲಿಗೆ ಹೋಗುವ ನಮ್ಮ ಪುಟ್ಟ ಫೈಟರ್ ವಿಮಾನಗಳು ಚುರುಕು. ಅವುಗಳನ್ನು ಬಿಟ್ಟು ಮುಂದೆ ಹೋಗಬಾರದೆಂದು ಮೇಲೆ ಅಂಕುಡೊಂಕಾಗಿ ಸುತ್ತುತ್ತಿದ್ದೆವು."

ಆ ಎತ್ತರದಲ್ಲಿ ಸದ್ದೆಲ್ಲ ಒಂದೇ ಗುಂಯ್‌ಗುಡುವಿಕೆಯಾಗಿ, ಕೊನೆಗೆ ತಮ್ಮ ಉಸಿರು ಮಾತ್ರ ಕೇಳಿಸುತ್ತಿತ್ತಂತೆ. ಕೆಳಗೆ ಬಿಳಿ ಮೋಡ, ಅದರ ಮೇಲೆ ನೂರಾರು ವಿಮಾನಗಳ ಹಿಂದೆ ಬಿಳಿ ಗೆರೆಗಳು, ಯಾರೋ ಆಕಾಶದಲ್ಲಿ ರಂಗೋಲಿ ಎಳೆಯುತ್ತಾ ಹೋದ ಹಾಗೆ. ಕೇಳುತ್ತಾ ಕೇಳುತ್ತಾ ನನ್ನ ಕಣ್ಣೂ ಎಳೆಯಿತು. ನಮ್ಮ ಕಾರೇ ನೆಲ ಬಿಟ್ಟಿದೆ ಎನ್ನಿಸಿತು.

ಅಷ್ಟರಲ್ಲಿ ನಮ್ಮ ಯಜಮಾನರ ತಾಳ್ಮೆ ಕೆಟ್ಟಿತು. "ಸಾಕಪ್ಪ, ಮುಂದೆ ಹೋಗಿ ಎಕ್ಸಿಟ್ ಹತ್ರ ಕಾಯೋಣ," ಎಂದು ಆಕ್ಸಿಲರೇಟರ್ ಒತ್ತಿಯೇಬಿಟ್ಟರು. ವ್ಯಾನು ಹಿಂದೆ ಕರಗಿತು. ಅಜ್ಜ ಪೂರ್ತಿ ಹಿಂದಕ್ಕೆ ತಿರುಗಿದರು. "ವ್ಯಾನೆಲ್ಲಿ? ಅದನ್ನು ಬಿಟ್ಟು ಬಂದಿರಾ?" ಮುಖ ಬಿಳಿಚಿಕೊಂಡಿತ್ತು.

ನಾನು ಗಾಬರಿಯಾಗಿ ಕಾರು ನಿಲ್ಲಿಸಲು ಹೇಳಿದೆ. ಆಗ ಉಳಿದ ಕಥೆ ಹೊರಬಿತ್ತು. ಯುದ್ಧದಲ್ಲಿ ಒಂದು ದಿನ ಕಾಯಲೆಂದು ಅವರ ಪಾಲಿಗೆ ಬಂದದ್ದು ಸಾಲಿನ ಕೊನೆಯ ಬಾಂಬರ್, ಮೂತಿಯ ಮೇಲೆ ಕೆಂಪು ಕೋಳಿಯ ಚಿತ್ರವಿದ್ದದ್ದು. ಒಂದು ಜರ್ಮನ್ ವಿಮಾನ ಅಡ್ಡ ಬಂದು, ಗುಂಡು ಹಾರಿಸಿ, ತಿರುಗಿ ಮೋಡಕ್ಕೆ ಧುಮುಕಿತು. ಬೆನ್ನಟ್ಟಬಾರದು ಎಂಬುದೇ ಆಜ್ಞೆ. ಇಪ್ಪತ್ತೊಂದರ ಬಿಸಿರಕ್ತ, ಬೆನ್ನಟ್ಟಿದರು. ಮೋಡದೊಳಗೆ ಎಲ್ಲ ಬಿಳಿ. ಹೊರಬಂದಾಗ ಜರ್ಮನ್ನನೂ ಇಲ್ಲ, ಕೆಂಪು ಕೋಳಿಯೂ ಇಲ್ಲ; ಅಷ್ಟರಲ್ಲಿ ಅದನ್ನು ಹೊಡೆದು ಉರುಳಿಸಿಬಿಟ್ಟಿದ್ದರು. ಅದರಲ್ಲಿ ಬದುಕಿ ಉಳಿದ ಒಬ್ಬರು ಡಿಯರ್‌ಬಾರ್ನ್‌ನಲ್ಲಿದ್ದಾರೆಂದು ಅಜ್ಜನ ಮಗಳು ಇಂಟರ್ನೆಟ್‌ನಲ್ಲಿ ಹುಡುಕಿಕೊಟ್ಟಿದ್ದಳು. ಹಳೇ ಪೈಲಟ್ ಒಬ್ಬರು ಬರುತ್ತಾರೆಂದಷ್ಟೇ ಅವರಿಗೆ ತಿಳಿಸಿದ್ದಳು. "ಬಿಟ್ಟು ಹೋದವನು ನಾನೇ ಅಂತ ಅವನ ಮುಂದೆ ನಿಂತು ಹೇಳಬೇಕು," ಎಂದರು ಅಜ್ಜ.

ವ್ಯಾನು ಬರುವ ತನಕ ನಾವು ಹೊರಡಲಿಲ್ಲ. ಆಮೇಲೆ ನಮ್ಮ ಯಜಮಾನರು ಅದರ ಬೆನ್ನಿಗೇ ಅಂಟಿಕೊಂಡು ಓಡಿಸಿದರು.

ಡಿಯರ್‌ಬಾರ್ನ್‌ನ ಆ ಮನೆಯ ಬಾಗಿಲು ತೆರೆದವರು ವಾಕರ್ ಹಿಡಿದ ಕುಳ್ಳ ಮುದುಕರು.  ಅಜ್ಜ, ಕೆಂಪು ಕೋಳಿ, ಅದರ ಕಾವಲಿಗೆ ಮೇಲೆ ಹಾರುತ್ತಿದ್ದ ಹಳದಿ ಬಾಲದ ವಿಮಾನ, ಎಂದಷ್ಟೇ ಹೇಳಿ, "ಅದು ನಾನು," ಎಂದರು.

ಮುದುಕರು ತಲೆಯಾಡಿಸಿದರು. "ಇಲ್ಲ. ಅವನು ಸತ್ತ. ನಮ್ಮನ್ನು ಕಾಯಲು ಹೋಗಿ ಮೋಡದಲ್ಲಿ ಸತ್ತ. ಹೊರಗೆ ಬರಲೇ ಇಲ್ಲ, ನಾನೇ ನೋಡಿದೆ. ಸತ್ತವರ ಹಬ್ಬದ ದಿನ ಚರ್ಚಿನಲ್ಲಿ ನಮ್ಮ ಹುಡುಗರಿಗೆಲ್ಲ ಹಚ್ಚಿ, ಅವನಿಗೂ ಒಂದು ಮೇಣದಬತ್ತಿ ಹಚ್ಚುತ್ತಾ ಬಂದಿದ್ದೇನೆ."

ಬದುಕಿದ್ದವರಿಗೆ ವರ್ಷವರ್ಷವೂ ತಿಥಿ! ಸತ್ತರೆಂದು ಸುಳ್ಳುಸುದ್ದಿ ಹಬ್ಬಿದರೆ ನಮ್ಮಲ್ಲಿ ಆಯಸ್ಸು ಹೆಚ್ಚಿತು ಎನ್ನುತ್ತಾರೆ; ಸುಮ್ಮನಿರಲಾರದೆ ಅದನ್ನು ಅಲ್ಲೇ ಒದರಿಬಿಟ್ಟೆ. ಯಾರೂ ನಗಲಿಲ್ಲ. ನನಗೆ ನಾಚಿಕೆಯಾಯಿತು.

ಅಲ್ಲಿಗೇ ಬಿಟ್ಟಿದ್ದರೆ ಅಜ್ಜ ವೀರರಾಗಿಯೇ ಉಳಿಯುತ್ತಿದ್ದರು. ಬಿಡಲಿಲ್ಲ. "ಕಾಯಲು ಹೋಗಲಿಲ್ಲ. ಆ ಜರ್ಮನ್ನನನ್ನು ಹೊಡೆಯುವ ಆಸೆಗೆ ಹೋದೆ. ನಿಮ್ಮನ್ನು ಬಿಟ್ಟು ಹೋದೆ."

"ಹೊಡೆದೆಯಾ?"

"ಇಲ್ಲ."

ಮುದುಕರು ವಾಕರ್ ತಳ್ಳಿಕೊಂಡು ಒಳಗೆ ಹೋದರು. ಮುಗಿಯಿತು, ಇನ್ನು ಬಾಗಿಲು ಹಾಕುತ್ತಾರೆ ಎಂದುಕೊಂಡೆ. ಅವರು ವಾಪಸು ಬಂದಾಗ ಕೈಯಲ್ಲಿ ಆ ವರ್ಷ ಹಚ್ಚಲೆಂದು ತಂದಿಟ್ಟಿದ್ದ ಮೇಣದಬತ್ತಿಯಿತ್ತು. ಅದನ್ನು ಅಜ್ಜನ ಅಂಗೈಗೆ ಒತ್ತಿದರು.

"ಇದು ನಿನ್ನದು. ನಾಳೆಯೇ ಸತ್ತವರ ಹಬ್ಬ. ಚರ್ಚಿಗೆ ಬಂದು ನಮ್ಮ ಹುಡುಗರಿಗೆ ನೀನೇ ಹಚ್ಚು," ಎಂದರು. "ಈ ಸಲ ಬಿಟ್ಟು ಹೋಗಬೇಡ."