ಪ್ಲಾಟಿನಂ ಮೇಲೆ ತಾಮ್ರದ ಭಸ್ಮ

ಮೂತ್ರಪಿಂಡ ಕೈಕೊಡಬಹುದಿತ್ತು, ಕಿವಿ ಮಂದವಾಗಬಹುದಿತ್ತು, ವಾಂತಿ ನಿಲ್ಲದೇ ಹೋಗಬಹುದಿತ್ತು, ಕೆಲಸದ ಊರಾದ ನಾಸಿಕ್‌ನಿಂದ ನಾನು ಹತ್ತಿದ ಬಸ್ಸೇ ನಡುದಾರಿಯಲ್ಲಿ ಕೆಡಬಹುದಿತ್ತು. ಸಂಭಾಜಿನಗರದ ಆಸ್ಪತ್ರೆಯಲ್ಲಿ ಹೆಂಡತಿಯ ರಕ್ತಪರೀಕ್ಷೆಯ ವರದಿಗೆ ಕಾಯುತ್ತ ಇಷ್ಟನ್ನೂ ಚಿಂತಿಸಿ ಮುಗಿಸಿದ್ದೆ. ಅವಳಿಗೆ ಗರ್ಭಕಂಠದ ಕ್ಯಾನ್ಸರ್. ವಾರಕ್ಕೊಮ್ಮೆ ಕೊಡುವ ಪ್ಲಾಟಿನಂ ಇರುವ ಔಷಧಿ, ಕ್ಯಾನ್ಸರ್ ಕೋಶಗಳು ರೇಡಿಯೇಷನ್ನಿಗೆ ಬೇಗ ಮಣಿಯುವಂತೆ ಮಾಡುತ್ತದೆ. ಆದರೆ ಮೂತ್ರಪಿಂಡ ಸರಿಯಿದ್ದರೆ ಮಾತ್ರ ಅದನ್ನು ಕೊಡುತ್ತಾರೆ.

ಆರೈಕೆಗೆಂದು ಬೀದರಿನಿಂದ ಬಂದು, ಆಸ್ಪತ್ರೆ ಹತ್ತಿರ ಹಿಡಿದಿದ್ದ ಬಾಡಿಗೆ ಮನೆಯಲ್ಲಿ ಅವಳ ಜೊತೆಗಿದ್ದ ಅತ್ತೆ ನನಗೆ ಧೈರ್ಯ ಹೇಳಿದರು. "ಇಷ್ಟ್ಯಾಕ ಅಂಜತೀರ್ರಿ? ನಾ ಬಂದಾಗಿಂದ ದಿನಾ ಜೇನಿನಾಗ ತಾಮ್ರದ ಭಸ್ಮ ಕೊಡ್ಲಾಕತ್ತೀನಿ. ಡಾಕ್ಟರ್ ಕೊಡೋದೂ ಲೋಹಾನೇ ಅಲ್ಲೇನು?"

ಲೋಹದ ಮೇಲೆ ಲೋಹ! ನಾನು ಚಿಂತಿಸದೇ ಬಿಟ್ಟಿದ್ದ ವಿಷಯ ಅದೊಂದೇ. ಡಾಕ್ಟರಿಗೆ ಹೇಳಲು ದಡಬಡಿಸಿ ಎದ್ದರೆ ಹೆಂಡತಿ ಅಂಗಿ ಹಿಡಿದು ಜಗ್ಗಿದಳು. ಅತ್ತೆಗೆ ಕೇಳದಂತೆ, "ಕೂಡ್ರಿ ಸುಮ್ಮ. ನಾ ಎಲ್ಲಿ ತಿಂದೀನ್ರಿ? ಅವ್ವ ಕೊಟ್ಟಿದ್ದು ಚೆಲ್ಲಾಕ ಮನಸ್ ಬರ್ಲಿಲ್ಲ, ತುಳಸಿ ಬುಡಕ್ಕ ಹಾಕೀನಿ" ಎಂದಳು.

ವರದಿ ಬಂತು. ಮೂತ್ರಪಿಂಡಕ್ಕೆ ಏನೂ ಆಗಿರಲಿಲ್ಲ. ಬಾಟಲಿ ತೂಗುಹಾಕಿ ಔಷಧಿಯ ಹನಿ ಇಳಿಯತೊಡಗಿದ ಮೇಲೆಯೇ ನಾನು ಉಸಿರು ಬಿಟ್ಟದ್ದು.

ಈಗ ಚಿಕಿತ್ಸೆ ಮುಗಿದು ಹೆಂಡತಿ ಚೇತರಿಸಿಕೊಳ್ಳುತ್ತಿದ್ದಾಳೆ. ಇಷ್ಟೆಲ್ಲದರಲ್ಲಿ ಒಣಗಿಹೋದದ್ದು ಬಾಡಿಗೆ ಮನೆಯ ಆ ತುಳಸಿ ಗಿಡವೊಂದೇ. ಅದಕ್ಕೆ ಯಾರ ದೃಷ್ಟಿ ತಾಗಿತೋ ಎಂದು ಅತ್ತೆ ಫೋನಿನಲ್ಲಿ ಇಂದಿಗೂ ಮರುಗುತ್ತಾರೆ. ಎಲ್ಲದಕ್ಕೂ ಬಾಯಿ ಬಡಿದುಕೊಳ್ಳುವ ನಾನು, "ಬಿಸಿಲು ಭಾಳ ಇತ್ತಲ್ರಿ" ಎಂದಷ್ಟೇ ಹೇಳುತ್ತೇನೆ.