ಮಲಗದ ರೋಗಿ

ಸ್ನೇಹಿತರೇ, ನನ್ನ ಕಾಲಲ್ಲಿ ಉಬ್ಬಿಕೊಂಡಿದ್ದ ನರಗಳಿಗೆ ಇವತ್ತು ಬೆಳಿಗ್ಗೆ ದಾವಣಗೆರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಬಿಗಿ ಕಾಲುಚೀಲ ಹಾಕಿಸಿ ಡಾಕ್ಟರಮ್ಮ ಹೇಳಿದರು, "ನಡೀತಾ ಇರ್ರಿ. ಒಂದೇ ಕಡೆ ನಿಂದ್ರಬ್ಯಾಡ್ರಿ, ಹಗಲೆಲ್ಲ ಮಲಗಬ್ಯಾಡ್ರಿ. ರಕ್ತ ಹೆಪ್ಪುಗಟ್ಟಬಾರದು."

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಹೆಪ್ಪು ಎಂದರೆ ನನಗೆ ಗೊತ್ತಿರುವುದು ಮೊಸರು. ಕಾಲೊಳಗೆ ಮೊಸರಾದರೆ ಗತಿಯೇನು ಎಂದು ಹೆದರಿ, ಮನೆಗೆ ಬಂದವಳೇ ಪಡಸಾಲೆಯಲ್ಲಿ ಸುತ್ತುತ್ತಲೇ ಇದ್ದೆ.

ಮಧ್ಯಾಹ್ನ ಹರಿಹರದಿಂದ ನಾದಿನಿ ಬ್ರೆಡ್ಡು, ಎಳನೀರು ಹಿಡಿದು ನನ್ನನ್ನು ನೋಡಲು ಬಂದರು. ನಾನು ನಡೆದಾಡುವುದನ್ನು ಕಂಡು ಅವರಿಗೆ ಅವಮಾನವೇ ಆಯಿತು.

"ಇದೇನ್ ಅತ್ತಿಗಿ, ಮಲಗೇ ಇಲ್ಲ? ನಾನು ಬಸ್ಸಲ್ಲಿ ನಿಂತ್ಕಂಡು ಬಂದೀನಿ!"

ಅತ್ತೆ ನನ್ನ ಕಿವಿಯಲ್ಲಿ, "ಹತ್ತು ನಿಮಿಷ ಮಲಗವ್ವ, ಬಂದೋರ ಮುಂದೆ ಮರ್ಯಾದಿ ಐತೆ" ಎಂದರು.

ಹದಿನೆಂಟು ವರ್ಷ ಒಲೆ ಮುಂದೆ ನಿಂತು ರೊಟ್ಟಿ ಬಡಿದಾಗ ಒಬ್ಬರೂ ಕೂತ್ಕೋ ಎನ್ನಲಿಲ್ಲ. ಮಲಗುವುದಿಲ್ಲ ಎಂದೆ.

"ಹೆಂಗೂ ಎದ್ದೇ ಅದೀರಲ್ಲ, ಒಂದೀಟು ಚಾ ಇಡ್ರಿ" ಎಂದರು ನಾದಿನಿ.

ಚಪ್ಪಲಿ ಮೆಟ್ಟಿ ಬೀದಿಗಿಳಿದೆ. ಮನೆ ಮುಂದೆ ನಡೆಯುತ್ತಲೇ ಮೊಬೈಲಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಸಕ್ಕರೆ ಎಲ್ಲೈತೆ ಎಂದು ಒಳಗಿಂದ ನಾದಿನಿ ಮೂರು ಸಲ ಕೂಗಿಯಾಯಿತು. ಹದಿನೆಂಟು ವರ್ಷದಿಂದ ಅದೇ ಡಬ್ಬಿಯಲ್ಲಿದೆ, ಹುಡುಕಲಿ.