ಅಪ್ಪನ ಹಲ್ಲಿಗೊಂದು ಪ್ಲಾಸ್ಟಿಕ್ ಅಚ್ಚು

ನಮ್ಮಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರಾಟೆಗಳನ್ನು ಮಾಡುತ್ತಿದ್ದ ಬಡಗಿ. ಮೊಳೆಗಳನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿಕೊಂಡೇ ಕೆಲಸ. ತೊಂಬತ್ತರ ದಶಕದ ಕೊನೆಯಲ್ಲಿ ಆ ಹಲ್ಲೊಂದು ಬಿದ್ದುಹೋಯಿತು. ಮೊಳೆಗಳು ಸಂದಿಯಿಂದ ಜಾರತೊಡಗಿದವು. ಅವನು ಪ್ರತಿ ಸಲ ಬಗ್ಗಿ ಹೆಕ್ಕುವುದನ್ನು ನೋಡಲಾರದೆ, ಹೊಸ ಹಲ್ಲು ಕಟ್ಟಿಸೋಣವೆಂದು ನಾನೇ ಹಟ ಹಿಡಿದೆ.

ನಾನೋ, ಆಗಷ್ಟೇ ಚಿಂತಾಮಣಿಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿದ ಮಹಾ ಪಂಡಿತ. ಕಂಪ್ಯೂಟರ್ ಎಂದರೆ ಚಪ್ಪಲಿ ಹೊರಗೆ ಬಿಟ್ಟು ದರ್ಶನ ಮಾಡಬೇಕಾದ ದೇವರು. ಚಿಕ್ಕಬಳ್ಳಾಪುರದ ಹಲ್ಲಿನ ಡಾಕ್ಟರೊಬ್ಬರು ಅದೇ ದೇವರ ಅರ್ಚಕರು. ಅಪ್ಪನ ದವಡೆಯನ್ನು ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿ, ಕಂಪ್ಯೂಟರ್ ಹೇಳಿದ ಜಾಗದಲ್ಲಿ ತೂತಿರುವ ಪ್ಲಾಸ್ಟಿಕ್ ಅಚ್ಚೊಂದನ್ನು ತರಿಸಿದರು. ಅದನ್ನು ಹಲ್ಲುಗಳ ಮೇಲೆ ಕೂರಿಸಿ, ಆ ತೂತಿನೊಳಗಿಂದಲೇ ಮೂಳೆ ಕೊರೆದು, ಹೊಸ ಹಲ್ಲಿಗೆ ಸ್ಕ್ರೂ ಹಾಕುವುದಂತೆ.

"ಕೂದಲೆಳೆಯಷ್ಟೂ ಆಚೀಚೆ ಆಗಲ್ಲ," ಎಂದರು ಡಾಕ್ಟರು.

ಅಪ್ಪನಿಗೆ ಹಿಗ್ಗೋ ಹಿಗ್ಗು. ರಾಟೆಗೆ ತೂತು ಕೊರೆಯುವಾಗ ಅವನೂ ಮರದ ಅಚ್ಚು ಇಟ್ಟೇ ಬೈರಿಗೆ ತಿರುಗಿಸುವವನು. ಡಾಕ್ಟರು ಬಾಯಲ್ಲಿ ಅಚ್ಚು ಕೂರಿಸಿದ ಕೂಡಲೇ ಅವನ ಹೆಬ್ಬೆರಳು ತಾನಾಗಿಯೇ ಹೋಗಿ ಅದನ್ನು ಒತ್ತಿ ನೋಡಿತು. ಅಚ್ಚು ಅಲ್ಲಾಡಿತು. ಹೊರಗೆ ತೆಗೆದ.

"ಸ್ವಾಮಿ, ಪಕ್ಕದ ಹಲ್ಲು ಸಡಿಲ ಆಗೈತೆ. ಇದು ಅದರ ಮೇಲೇ ಕೂತೈತೆ. ಅಚ್ಚೇ ಅಲ್ಲಾಡಿದ್ರೆ ತೂತು ನೆಟ್ಟಗೆ ಬೀಳ್ತದಾ?"

"ಯಜಮಾನ್ರೇ, ಇದು ಕಂಪ್ಯೂಟರ್ ಮಾಡಿರೋದು!"

"ಅದು ಸರಿಯಾಗೇ ಮಾಡೈತೆ ಬಿಡಿ. ನನ್ ಹಲ್ಲು ಅಲ್ಲಾಡೋದು ಅದಕ್ಕೇನ್ ಗೊತ್ತು? ಮರ ಆದ್ರೆ ಬೆಣೆ ಹೊಡೀಬೋದು. ದವಡೆಗೆ ಏನ್ ಹೊಡೀತೀರ?"

ನಾಚಿಕೆಯಿಂದ ನಾನು ಭೂಮಿಗಿಳಿದುಹೋದೆ. "ಸುಮ್ನಿರಪ್ಪ, ಮಾನ ತೆಗೀಬೇಡ! ಇದೇನ್ ನಿನ್ ರಾಟೆನಾ?" ಎಂದು ಸಿಡುಕಿದೆ.

ಅಪ್ಪ ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಅಚ್ಚನ್ನು ಡಾಕ್ಟರ ಕೈಗೆ ಕೊಟ್ಟು ಬಾಯಿ ತೆರೆದ.

ತೂತು ಓರೆಯಾಗಿ ಬಿತ್ತು. ಮೂರೇ ತಿಂಗಳಲ್ಲಿ ಸ್ಕ್ರೂ ಸಡಿಲವಾಗಿ, ಕಿತ್ತು ತೆಗೆಯಬೇಕಾಯಿತು. "ಕಂಪ್ಯೂಟರ್‌ದು ತಪ್ಪಿಲ್ಲ, ನಿಮ್ಮ ತಂದೆಯವರ ಹಲ್ಲು ಸಹಕರಿಸಲಿಲ್ಲ," ಎಂದರು ಡಾಕ್ಟರು. ಅಬ್ಬಬ್ಬಾ, ಎಂಥ ಮಾತು! ತಪ್ಪೆಲ್ಲ ಹಲ್ಲಿನದೇ ಎಂದು ನಾನೂ ತಲೆಯಾಡಿಸಿ ಬಂದೆ.

ಅಪ್ಪ ಮೊಳೆಗಳನ್ನು ಬಾಯಿಯ ಬಲ ಮೂಲೆಗೆ ಸರಿಸಿಕೊಂಡು ಮತ್ತೆ ರಾಟೆ ಹಿಡಿದ. "ನಾನಂದಿರಲಿಲ್ವಾ" ಎಂದು ಒಂದು ದಿನವೂ ಅನ್ನಲಿಲ್ಲ. ನಾಲ್ಕು ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಅಚ್ಚು ಅಲ್ಲಾಡುತ್ತಿದೆಯೆಂದು ತಿಳಿದೂ ತಿಳಿದೂ, ನನ್ನ ಮಾನ ಉಳಿಸಲಿಕ್ಕೆ ಅವನು ಬಾಯಿ ತೆರೆದಿದ್ದ.